ಹಾಡುಹಗಲಲ್ಲಿ ಶುಭರಾತ್ರಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಆ ವರ್ಷಗಳಲ್ಲಿ ಒಂದು ಕಡೆ ನೆಟ್ಟಗೆ ಕೂರುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಮನೆಯಲ್ಲಿದ್ದರೆ ರೇಡಿಯೊ ಸ್ಟೇಷನ್ನಿನಲ್ಲಿ ಏನು ಕೆಟ್ಟು ನಿಂತಿದೆಯೋ ಅನ್ನಿಸುತ್ತಿತ್ತು. ಸ್ಟೇಷನ್ನಿನಲ್ಲಿದ್ದರೆ ಬಸ್ಸು ತಪ್ಪಿಹೋದೀತು ಅನ್ನಿಸುತ್ತಿತ್ತು. ತಟ್ಟೆ ಮುಂದೆ ಕೂತವಳು ಎರಡು ತುತ್ತು ಉಂಡು ಫೋನ್ ನೋಡಲು ಎದ್ದು ಹೋಗುತ್ತಿದ್ದೆ. "ಇವಳಿಗೆ ಕೂತ ನೆಲ ಸುಡುತ್ತದೆ" ಎಂದು ಅಮ್ಮಿ ಅಬ್ಬಾನಿಗೆ ದೂರು ಹೇಳುತ್ತಿದ್ದಳು.

ನಮ್ಮ ಮನೆಮಾತು ಉರ್ದು. ಅಬ್ಬಾ ಗುಂಡ್ಲುಪೇಟೆಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದರು. ಅಂಗಡಿ ಕೆಳಗೆ, ಮನೆ ಮೇಲೆ. ಬೆಳಗಿನಿಂದ ಸಂಜೆವರೆಗೂ ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದು. ಆ ಸದ್ದಿನೊಳಗೆ ಬೆಳೆದ ಮಗಳು, ಸೂಜಿ ಬಿದ್ದರೂ ಕೇಳಿಸುವ ಕೋಣೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದು ಅಬ್ಬಾನಿಗೆ ತಮಾಷೆಯಾಗಿ ಕಾಣುತ್ತಿತ್ತು. ಅಮ್ಮಿಗೆ ಮಾತ್ರ ತಮಾಷೆ ಅನ್ನಿಸಿರಲಿಲ್ಲ. ಊರಲ್ಲೇ ಕಂಪ್ಯೂಟರ್ ಸೆಂಟರಿನಲ್ಲಿ ಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತಿದ್ದವಳು ಅಷ್ಟು ದೂರ ಯಾಕೆ ಹೋಗಬೇಕು ಎನ್ನುವುದು ಅವಳ ಪ್ರಶ್ನೆ. ನನಗೆ ಹೋಗಬೇಕು ಅನ್ನಿಸಿತ್ತು, ಹೋದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಸಂಘ ಸಂಸ್ಥೆಗಳೂ ಸಣ್ಣ ರೇಡಿಯೊ ನಡೆಸಬಹುದು ಎಂದು ಸರ್ಕಾರ ಹೇಳಿ ಸ್ವಲ್ಪ ವರ್ಷಗಳಾಗಿದ್ದವು. ಚಾಮರಾಜನಗರದ ಆಚೆ ಒಂದು ದಿಣ್ಣೆಯ ಮೇಲೆ, ಹೆಂಗಸರ ಸಂಘಗಳ ನಡುವೆ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯವರು ಅಂಥದೊಂದು ಸ್ಟೇಷನ್ ತೆರೆದಿದ್ದರು. ಎರಡು ಕೋಣೆ, ಹೊರಗೆ ಕಬ್ಬಿಣದ ಎತ್ತರದ ಕಂಬ. ಹೊರಗಿನ ಸದ್ದು ಒಳಗೆ ಬರದಿರಲಿ ಎಂದು ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಅಂಟಿಸಿದ್ದರು. ನಮ್ಮ ದನಿ ಸುತ್ತಲಿನ ಹಳ್ಳಿಗಳಿಗೆ ಕೇಳಿಸುತ್ತಿತ್ತು, ಗುಂಡ್ಲುಪೇಟೆಗೆ ಕೇಳಿಸುತ್ತಿರಲಿಲ್ಲ. ಅಷ್ಟು ದೂರ ಹೋಗುವ ಶಕ್ತಿ ಆ ಕಂಬಕ್ಕೆ ಇರಲಿಲ್ಲ.

ಸ್ಟೇಷನ್ ನೋಡಿಕೊಳ್ಳುತ್ತಿದ್ದ ಮೇಡಂ ನಿವೃತ್ತ ಶಾಲಾ ಟೀಚರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಕಂಪ್ಯೂಟರ್ ಬರುತ್ತೇನಮ್ಮ?" ಬರುತ್ತೆ ಎಂದೆ. ಮಾರನೇ ದಿನದಿಂದ ಆ ಸ್ಟೇಷನ್ನಿನಲ್ಲಿ ಸ್ವಿಚ್ಚು ಇರುವ ಪ್ರತಿಯೊಂದು ವಸ್ತುವೂ ನನ್ನ ಜವಾಬ್ದಾರಿಯಾಯಿತು.

ಮೈಕಿನ ಮುಂದೆ ಕೂರುತ್ತಿದ್ದವರು ಹರದನಹಳ್ಳಿಯ ಅಕ್ಕ. ಒಕ್ಕಲು ಮನೆಯವರು, ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು. ಬೆಳಗಿನ ಮನೆಗೆಲಸ ಮುಗಿಸಿ, ಎಮ್ಮೆಗೆ ಹುಲ್ಲು ಹಾಕಿ, ಬಸ್ಸು ಹಿಡಿದು ಬರುತ್ತಿದ್ದರು. ಅವರ ದನಿಗೆ ಜನ ಎಷ್ಟು ಒಗ್ಗಿಹೋಗಿದ್ದರೆಂದರೆ ಬಸ್ಸಿನಲ್ಲಿ ಅವರು ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು "ಅಮ್ಮಿ" ಎಂದು. ಅವರ ಕಡೆ ಹುಡುಗಿಯರನ್ನು ಹಾಗೆಯೇ ಕರೆಯುವುದು. ನಮ್ಮ ಮನೆಯಲ್ಲಿ ಅಮ್ಮಿ ಅಂದರೆ ಹೆತ್ತವಳು. ಮೊದಮೊದಲು ಅವರು ಹಾಗೆ ಕರೆದಾಗಲೆಲ್ಲ ನಾನು ಹಿಂದೆ ತಿರುಗಿ, ನಮ್ಮಮ್ಮ ಬಂದು ನಿಂತಿದ್ದಾಳಾ ಎಂದು ನೋಡುತ್ತಿದ್ದೆ.

ಆಗ ಸ್ಟೇಷನ್ನು ನಡೆಯುತ್ತಿದ್ದದ್ದು ಕೈಯಿಂದ. ಒಂದು ಹಾಡು ಮುಗಿಯುವುದರೊಳಗೆ ಇನ್ನೊಂದನ್ನು ಒತ್ತಬೇಕು. ಒತ್ತಬೇಕಾದವರು ಟೀ ಕುಡಿಯಲು ಹೋದರೆ ಇಡೀ ತಾಲ್ಲೂಕಿನ ರೇಡಿಯೊಗಳು ಮೂಕವಾಗುತ್ತಿದ್ದವು. ಅದರ ಮೇಲೆ ವೈರಸ್ಸಿನ ಕಾಟ. ಹಳ್ಳಿಗಳಿಂದ ಪೆನ್ ಡ್ರೈವಿನಲ್ಲಿ ಸೋಬಾನೆ ಪದ, ಭಜನೆ, ಭಾಷಣ ಎಲ್ಲ ಬರುತ್ತಿತ್ತಲ್ಲ, ಅದರ ಜೊತೆಗೆ ಅದೂ ಬರುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ನಮ್ಮ ಹಾಡುಗಳ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ, ಮುಟ್ಟಿದರೆ ಮತ್ತಷ್ಟು ಹರಡುವ ಏನೋ ಒಂದು. ಮೇಡಂ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡು ಕೂತರು. ಅಕ್ಕ ಆವತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ಬಾಯಲ್ಲಿ ಮಾತಾಡಿ, ಗೊತ್ತಿದ್ದ ಪದಗಳನ್ನೆಲ್ಲ ಹಾಡಿ, ಸ್ಟೇಷನ್ ಕಾಪಾಡಿದರು.

ಇದಕ್ಕೆ ಸ್ವಲ್ಪ ದಿನ ಮೊದಲು ಬೆಂಗಳೂರಿನಲ್ಲಿ ನಡೆದ ಒಂದು ತರಬೇತಿಗೆ ನನ್ನನ್ನು ಕಳಿಸಿದ್ದರು. ಅಲ್ಲಿ ಪಾಠ ಮಾಡಿದವರೊಬ್ಬರು, ರೇಡಿಯೊ ನಡೆಸುವುದಕ್ಕೆಂದೇ ಪ್ರಪಂಚದ ಎಲ್ಲೆಲ್ಲೋ ಇರುವ ಜನ ಸೇರಿ ಬರೆದ ತಂತ್ರಾಂಶವೊಂದಿದೆ, ಅದು ಲಿನಕ್ಸ್ ಎನ್ನುವ, ಪೆನ್ ಡ್ರೈವಿನ ವೈರಸ್ಸು ತಾಕದ ವ್ಯವಸ್ಥೆಯ ಮೇಲೆ ಓಡುತ್ತದೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ಹೇಳಿ ನನಗೊಂದು ಸಿ.ಡಿ. ಕೊಟ್ಟಿದ್ದರು. ಬೆಳಿಗ್ಗೆಯೇ ದಿನದ ಪಟ್ಟಿ ಕೊಟ್ಟುಬಿಟ್ಟರೆ ಸಾಕು, ಯಾವ ಹೊತ್ತಿಗೆ ಯಾವುದು ಬರಬೇಕೋ ಅದನ್ನು ತಾನೇ ಹಾಕುತ್ತದೆ, ಮನುಷ್ಯರು ಬೇಡ ಎಂದಿದ್ದರು. ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತ್ತು. ಮೇಡಂಗೆ ಹೇಳಿದೆ. ಅವರು, "ಹಾಕು. ಇದಕ್ಕಿಂತ ಕೆಡಕ್ಕೆ ಇನ್ನೇನಿದೆ?" ಎಂದರು.

ಕೆಡಕ್ಕೆ ಬೇಕಾದಷ್ಟಿತ್ತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರೊಂದನ್ನು ಒರೆಸಿ, ಅದರ ಮೇಲೆ 'ಸರ್ವರ್' ಎಂದು ಚೀಟಿ ಅಂಟಿಸಿದೆ. ಲಿನಕ್ಸ್ ಏನೋ ಸುಲಭವಾಗಿ ಕೂತಿತು. ರೇಡಿಯೊ ತಂತ್ರಾಂಶ ಹಾಕಲು ಹೋದರೆ, ನನಗೆ ಮೊದಲು ಇಂಥದು ಬೇಕು ಎಂದಿತು. ಅದನ್ನು ತರಲು ಹೋದರೆ ಅದಕ್ಕೆ ಮತ್ತೊಂದು ಬೇಕು. ಹೆಣ್ಣಿನ ಕಡೆಯವರನ್ನು ಊಟಕ್ಕೆ ಕರೆದರೆ ಅವರ ಅಣ್ಣನನ್ನೂ ಕರೆಯಬೇಕು, ಅಣ್ಣನನ್ನು ಕರೆದರೆ ಅವನ ಮಾವನನ್ನೂ ಕರೆಯಬೇಕು ಅನ್ನುವ ಹಾಗೆ. ಸ್ಟೇಷನ್ನಿನಲ್ಲಿ ಇಂಟರ್ನೆಟ್ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ, ಬೇಕಾದ್ದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಬಿಸಿಲಲ್ಲಿ ದಿಣ್ಣೆ ಹತ್ತಿ ಬಂದು ಹಾಕಿದರೆ ಇನ್ನೊಂದು ಹೆಸರು ಕೇಳುತ್ತಿತ್ತು. ಮತ್ತೆ ಇಳಿಯುತ್ತಿದ್ದೆ. ಸೈಬರ್ ಸೆಂಟರಿನವನು ನನ್ನನ್ನು ಕಂಡ ಕೂಡಲೇ ಕೇಳದೆಯೇ ಮೂಲೆಯ ಕಂಪ್ಯೂಟರ್ ಬಿಟ್ಟುಕೊಡುತ್ತಿದ್ದ. ಮನಸ್ಸು ಸದಾ ಆ ದಾರಿಯ ಇನ್ನೊಂದು ತುದಿಯಲ್ಲಿರುತ್ತಿತ್ತು.

ಕೊನೆಗೊಂದು ದಿನ ಅದು ಎಲ್ಲವನ್ನೂ ಒಪ್ಪಿಕೊಂಡು ತೆರೆಯಿತು. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಹಾಡು ಹಾಕಿದೆ. ಹಾಡು ಓಡುತ್ತಿದೆ ಎಂದು ಪರದೆ ಹೇಳುತ್ತಿದೆ, ಹಸಿರು ಗೆರೆ ಮೇಲೆ ಕೆಳಗೆ ಕುಣಿಯುತ್ತಿದೆ, ಸದ್ದು ಮಾತ್ರ ಇಲ್ಲ. ಆ ಕಂಪ್ಯೂಟರಿನಲ್ಲಿ ಎರಡು ಸೌಂಡ್ ಕಾರ್ಡಿದ್ದವು. ಅದು ಯಾರೂ ಕೇಳಿಸಿಕೊಳ್ಳದ ಕಾರ್ಡಿಗೆ ಹಾಡು ಕಳಿಸುತ್ತಾ ಕೂತಿತ್ತು ಎಂದು ತಿಳಿಯುವುದಕ್ಕೆ ಬಹಳ ದಿನ ಬೇಕಾಯಿತು. ಆ ತಂತ್ರಾಂಶ ಬಳಸುವವರೆಲ್ಲ ಸೇರಿರುವ ಒಂದು ಇಮೇಲ್ ಗುಂಪಿಗೆ ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದೆ. ಉತ್ತರ ಬಂದಿದೆಯಾ ಎಂದು ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದೆ. ಯಾವುದೋ ದೇಶದ, ಮುಖ ಕಾಣದ ಒಬ್ಬರು ನನ್ನ ತಪ್ಪು ಇಂಗ್ಲಿಷಿಗೆ ನಗದೆ, ಯಾವ ಫೈಲಿನ ಯಾವ ಸಾಲನ್ನು ಬದಲಿಸಬೇಕು ಎಂದು ಬಿಡಿಸಿ ಬರೆದಿದ್ದರು. ಬದಲಿಸಿದೆ. ಸ್ಪೀಕರಿನಿಂದ ಥಟ್ಟನೆ ಹಾಡು ಹೊರಟಾಗ ನಾನು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಬಂತಾ ಕಣಮ್ಮಿ?" ಎಂದು ಅಕ್ಕ ಪಕ್ಕದ ಕೋಣೆಯಿಂದ ಓಡಿಬಂದರು. ಪರದೆ ನೋಡಿ ಅವರ ಮುಖ ಸಣ್ಣದಾಯಿತು. ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಅದರಲ್ಲಿ ಖಾಲಿ ಡಬ್ಬಿಗಳಾಗಿ ಕಾಣುತ್ತಿದ್ದವು. ಕನ್ನಡದ ಫಾಂಟು ಹಾಕಿ ನೋಡಿದೆ. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಬಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅಕ್ಕನಿಗೆ ಓದಲು ಬಾರದು. "ಅದ್ಯಾಕಂಗೆ ಒದ್ದಾಡೀಯೆ, ಬಣ್ಣ ಆಕ್ಬುಡು" ಎಂದರು ಅವರೇ. ಹಾಗೇ ಮಾಡಿದೆವು. ಬೇಸಾಯಕ್ಕೆ ಹಸಿರು, ಹಾಡಿಗೆ ಹಳದಿ, ಆರೋಗ್ಯಕ್ಕೆ ಕೆಂಪು. ಬೆಳಗಿನ ನಮಸ್ಕಾರ ಮತ್ತು ರಾತ್ರಿಯ ಮುಕ್ತಾಯದ ಮಾತನ್ನು ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿ ಒಳಗೆ ಹಾಕಿದೆ. ಅಲ್ಲಿಂದ ಮುಂದೆ ಬೆಳಿಗ್ಗೆ ಕಾವಲಿನ ತಾತ ಸ್ವಿಚ್ಚು ಒತ್ತಿದರೆ ಸಾಕು, ಮಿಶೀನು ಎಚ್ಚರಾಗಿ ತನ್ನಷ್ಟಕ್ಕೆ ದಿನ ಶುರು ಮಾಡುತ್ತಿತ್ತು. ನಾನು ಮಾತ್ರ ಅದರ ಎದುರು ಬಿಟ್ಟು ಏಳುತ್ತಿರಲಿಲ್ಲ. ನಂಬಿಕೆ ಬಂದಿರಲಿಲ್ಲ.

ಆ ವರ್ಷ ಈದ್ ಹತ್ತಿರ ಬಂದಾಗ ಮೇಡಂ ಒಂದು ಮಾತು ಹೇಳಿದರು. "ಹಬ್ಬದ ದಿನ ಒಂದು ಮುಸ್ಲಿಂ ಮನೆಯ ಹೆಂಗಸು ಮಾತಾಡಲಿ. ನಿಮ್ಮ ತಾಯೀನೇ ಕೇಳು."

ಅಮ್ಮಿ ಈರೋಡಿನ ಕಡೆಯವಳು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗ ಅವಳಿಗೆ ಉರ್ದು ಮತ್ತು ತಮಿಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಕನ್ನಡ ಆಮೇಲೆ ಕಲಿತದ್ದು, ಅದರಲ್ಲಿ ಇವತ್ತಿಗೂ ಆ ಎರಡೂ ಇಣುಕುತ್ತವೆ. ರೇಡಿಯೊದಲ್ಲಿ ಮಾತಾಡು ಎಂದರೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಸೆರಗು ಸರಿಮಾಡಿಕೊಂಡು, "ಏನು ಹೇಳಬೇಕು, ಬರೆದುಕೊಡು" ಎಂದಳು. ಅಮ್ಮಿಗೆ ಕನ್ನಡ ಓದಲು ಬಾರದು. ನಾನು ಶಾಲೆಯ ಪ್ರಬಂಧದ ಹಾಗೆ ಬರೆದು ಒಂದೊಂದೇ ಸಾಲು ಹೇಳಿಕೊಟ್ಟೆ. ಅವಳು ಗಿಣಿಯ ಹಾಗೆ ಒಪ್ಪಿಸಿದಳು. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರಿನಲ್ಲಿ ಅದನ್ನು ತುಂಬಿಕೊಂಡು ಹೋಗಿ, ಈದಿನ ಸಂಜೆ ನಾಲ್ಕಕ್ಕೆ ಬರುವಂತೆ ಪಟ್ಟಿಯಲ್ಲಿ ಇಟ್ಟೆ.

ಇಟ್ಟ ಮೇಲೆ ಅಮ್ಮಿಗೆ ಗೊತ್ತಾಯಿತು, ನಮ್ಮ ಸ್ಟೇಷನ್ ಗುಂಡ್ಲುಪೇಟೆಗೆ ಸಿಗುವುದಿಲ್ಲ ಎಂದು. ಅಷ್ಟರಲ್ಲಿ ಬೀದಿಗೆಲ್ಲ ಹೇಳಿಯಾಗಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅಬ್ಬಾ ತಗಡು ಮಡಿಸುತ್ತಲೇ ಒಂದು ದಾರಿ ಹುಡುಕಿದರು. "ರೇಡಿಯೊ ನಮ್ಮ ಹತ್ತಿರ ಬರಲ್ಲ ಅಂದರೆ ನಾವೇ ಅದರ ಹತ್ತಿರ ಹೋಗೋದು. ಅದರಲ್ಲೇನಿದೆ?"

ಹಬ್ಬದ ದಿನ ನಾನು ಸ್ಟೇಷನ್ನಿನಲ್ಲಿ ಇರುವ ಹಾಗಿರಲಿಲ್ಲ. ಅಕ್ಕನಿಗೂ ಆವತ್ತು ಹೊಲದಲ್ಲಿ ಕಳೆ ತೆಗೆಸುವುದಿತ್ತು. ಮೇಡಂ ಮಗಳ ಮನೆಗೆ ಹೋಗಿದ್ದರು. ಮಿಶೀನು ಮೊದಲ ಸಲ ಇಡೀ ದಿನ ಒಂಟಿಯಾಗಿ ಇರಬೇಕಾಗಿತ್ತು. ಏನೂ ಕೆಡಬಾರದು ಎಂದು ಹಿಂದಿನ ದಿನ ಊರಿನ ರಿಪೇರಿಯವನನ್ನು ಕರೆಸಿ, ಒಳಗಿನ ಗಡಿಯಾರ ನಡೆಸುವ ಸಣ್ಣ ಬ್ಯಾಟರಿ ಹಳೆಯದಾಗಿದ್ದರಿಂದ ಅದನ್ನೂ ಬದಲಿಸಲು ಹೇಳಿದ್ದೆ. ಸಂಜೆ, ಚಂದ್ರ ಕಂಡಿತು, ಅಂದುಕೊಂಡಂತೆ ನಾಳೆಯೇ ಹಬ್ಬ ಎಂದು ಅಬ್ಬಾನ ಫೋನ್ ಬಂತು. ರಿಪೇರಿಯವನನ್ನು ಅಲ್ಲೇ ಕೆಲಸಕ್ಕೆ ಬಿಟ್ಟು ನಾನು ಬಸ್ಸಿಗೆ ಓಡಿದೆ.

ಈದಿನ ಬೆಳಿಗ್ಗೆ ಅಬ್ಬಾ ನಮಾಜು ಮುಗಿಸಿ ಬಂದರು. ಶೀರ್ ಖುರ್ಮಾ ಪಾಯಸ ಆಯಿತು, ನೆಂಟರು ಬಂದು ಹೋದರು. ನನಗೆ ಯಾವುದರಲ್ಲೂ ಮನಸ್ಸಿಲ್ಲ. ಬಟ್ಟಲು ಕೊಡುವ ಕೈ ಬಟ್ಟಲು ಕೊಡುತ್ತಿತ್ತು, ತಲೆ ಮಾತ್ರ ದಿಣ್ಣೆಯ ಮೇಲಿತ್ತು. ಈಗ ಬೆಳಗಿನ ಚಿಂತನ ಬರುತ್ತಿರಬೇಕು, ಈಗ ಬೇಸಾಯದ ಮಾತು ಮುಗಿದಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಮಧ್ಯಾಹ್ನದ ಊಟ ಆದ ಮೇಲೆ ಅಬ್ಬಾನ ಸ್ನೇಹಿತರೊಬ್ಬರು, ಭೀಮನಬೀಡಿನಿಂದ ಮಾರುಕಟ್ಟೆಗೆ ತರಕಾರಿ ಹೊಡೆಯುವವರು, ತಮ್ಮ ಲಗೇಜ್ ಆಟೊ ತಂದು ನಿಲ್ಲಿಸಿದರು. ಹಿಂದೆ ಚಾಪೆ ಹಾಸಿ ಅಮ್ಮಿ, ನಾನು, ಬಿರಿಯಾನಿಯ ಡಬ್ಬ. ಮುಂದೆ ಅವರ ಪಕ್ಕದಲ್ಲಿ ಅಬ್ಬಾ. ನನ್ನ ಮಡಿಲಲ್ಲಿ ರೇಡಿಯೊ. ಆಟೊದಲ್ಲಿ ಇನ್ನೂ ಈರುಳ್ಳಿಯ ವಾಸನೆ ಇತ್ತು. ಎದುರಿನಿಂದ ತರಕಾರಿ ಲಾರಿಗಳು, ರಾತ್ರಿ ಗೇಟು ಹಾಕುವುದರೊಳಗೆ ಬಂಡೀಪುರದ ಕಾಡು ದಾಟಬೇಕೆಂದು ನುಗ್ಗಿ ಬರುತ್ತಿದ್ದವು.

ತೆರಕಣಾಂಬಿ ದಾಟಿ ಸ್ವಲ್ಪ ದೂರ ಹೋಗುವವರೆಗೂ ರೇಡಿಯೊದಲ್ಲಿ ಬರೀ ಸುಯ್ ಎನ್ನುವ ಸದ್ದು. ಒಂದು ತಿರುವಿನಲ್ಲಿ ದನಿಯ ತುಣುಕೊಂದು ಬಂದು ಹೋಯಿತು. "ನಿಲ್ಲಿಸಿ, ನಿಲ್ಲಿಸಿ!" ಎಂದು ಕೂಗಿದೆ. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಆಟೊ ನಿಂತಿತು. ರೇಡಿಯೊವನ್ನು ಆಟೊದ ನೆತ್ತಿಯ ಮೇಲಿಟ್ಟು ಆಂಟೆನಾ ಎಳೆದು ತಿರುಗಿಸಿದಾಗ ಹಾಡು ತಿಳಿಯಾಯಿತು. ಅಮ್ಮಿ ಚಾಪೆ ಕೆಳಗೆ ಹಾಸಿ ಕೂತಳು. ನಾಲ್ಕಕ್ಕೆ ಇನ್ನೂ ಸಮಯವಿತ್ತು. ಬರುತ್ತಿದ್ದದ್ದು, ತಂಬೂರಿ ಮೀಟಿ ದೇವರ ಕತೆ ಹಾಡುವ ನೀಲಗಾರರ ಪದ.

ರೇಡಿಯೊದ ಹತ್ತಿರಕ್ಕೆ ಹೋಗಿ ಕಿವಿಗೊಟ್ಟೆ. ತಂಬೂರಿಯ ಆ ಪದ ನಾವು ಹಾಕುತ್ತಿದ್ದದ್ದು ದಿನದ ಕೊನೆಗೆ, ಜನ ಮಲಗುವ ಹೊತ್ತಿಗೆ. ಹಗಲಿನಲ್ಲಿ ಅದು ಯಾಕೆ ಬರುತ್ತಿದೆ? ಯಾರಾದರೂ ಪಟ್ಟಿ ಮುಟ್ಟಿದರಾ? ನಾನು ಮರದ ಸುತ್ತ ತಿರುಗತೊಡಗಿದೆ.

"ಚೆನ್ನಾಗಿದೆಯಲ್ಲ ಹಾಡು, ಕೂತುಕೋ" ಎಂದಳು ಅಮ್ಮಿ.

ಪದ ಮುಗಿಯಿತು. ಅಕ್ಕನ ದನಿ ಬಂತು. ಮೆತ್ತಗೆ, ಮಗುವಿಗೆ ಹೊದಿಕೆ ಹೊದಿಸುವ ಹಾಗೆ. "ಕೇಳುಗರೇ, ಇಲ್ಲಿಗೆ ಇವತ್ತಿನ ನಮ್ಮ ಕಾರ್ಯಕ್ರಮಗಳು ಮುಗಿದವು. ಬಾಗಿಲು ಹಾಕಿಕೊಳ್ಳಿ, ದೀಪ ಆರಿಸಿ, ನೆಮ್ಮದಿಯಾಗಿ ಮಲಗಿ. ಶುಭರಾತ್ರಿ."

ಪಡುವಣದಲ್ಲಿ ಸೂರ್ಯ ಇನ್ನೂ ಉರಿಯುತ್ತಿದ್ದ. ಆಟೊದವರು ಆಕಾಶ ನೋಡಿದರು. ಅಬ್ಬಾ ಕೈಗಡಿಯಾರ ನೋಡಿದರು. ಅಮ್ಮಿ ನನ್ನ ಮುಖ ನೋಡಿ, "ನನ್ನ ಮಾತು ಎಲ್ಲಿ?" ಎಂದಳು.

ರೇಡಿಯೊದಲ್ಲಿ ಈಗ ಏನೂ ಇಲ್ಲ. ಸುಯ್ ಸದ್ದು ಜೋರಾಗಿ ಬಂದಿದ್ದರೆ ಕರೆಂಟು ಹೋಗಿದೆ, ಕಂಬ ಸತ್ತಿದೆ ಎಂದುಕೊಳ್ಳಬಹುದಿತ್ತು. ಬರಲಿಲ್ಲ. ಅಂದರೆ ಕಂಬ ಜೀವಂತವಾಗಿದೆ, ಮಾತಾಡುವವರು ಇಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ, ಹತ್ತಲಿಲ್ಲ. "ಅಬ್ಬಾ, ನಾನು ಸ್ಟೇಷನ್ನಿಗೆ ಹೋಗಲೇಬೇಕು. ನೀವು ಮನೆಗೆ ಹೋಗಿ, ನಾನು ಬಸ್ಸು ಹಿಡಿಯುತ್ತೇನೆ" ಎಂದೆ.

ಅಮ್ಮಿ ಚಾಪೆ ಸುತ್ತಿ ಆಗಲೇ ಆಟೊ ಹತ್ತುತ್ತಿದ್ದಳು. "ನನ್ನ ಮಾತನ್ನು ನುಂಗಿದ ಆ ಡಬ್ಬವನ್ನು ನಾನೂ ನೋಡಬೇಕು. ನಡೆ."

ಆಟೊ ಮತ್ತೆ ಹೊರಟಿತು. ಆಟೊದವರು ಎಷ್ಟು ಜೋರಾಗಿ ಓಡಿಸಿದರೂ ನನಗೆ ನಡೆದುಕೊಂಡು ಹೋದ ಹಾಗೆ ಅನ್ನಿಸುತ್ತಿತ್ತು. ರೇಡಿಯೊವನ್ನು ಕಿವಿಗೆ ಒತ್ತಿಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ಅದರೊಳಗಿಂದ ಕಟಕಟ ಸದ್ದು, ಯಾರೋ ಕುರ್ಚಿ ಎಳೆದ ಸದ್ದು. ಆಮೇಲೆ ಏದುಸಿರು.

"ಅಲೋ... ಅಲೋ... ಕೇಳಿಸ್ತದಾ? ನಾನು ಕಣ್ರಪ್ಪ. ಈವಾಗ ನಿಜವಾಗ್ಲೂ ನಾನೇ ಮಾತಾಡ್ತಾ ಇವ್ನಿ. ಆಗ್ಲೇ ಮಲಗಿ ಅಂದುದ್ದು ನಾನಲ್ಲ, ಮಿಶೀನು. ಯಾರೂ ಮಲಗ್ಬೇಡಿ. ಇನ್ನೂ ವತ್ತು ಮುಳುಗಿಲ್ಲ. ದನ ಬಿಟ್ಟಿರೋರು ದನ ನೋಡ್ಕಳಿ."

ಅಬ್ಬಾ ಮುಂದಿನ ಸೀಟಿನಲ್ಲಿ ಬಾಗಿ ಬಾಗಿ ನಕ್ಕರು. ನನಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

ಸ್ಟೇಷನ್ ತಲುಪಿದಾಗ ಅಕ್ಕ ಮೈಕಿನ ಮುಂದೆ ಕೂತು ಕಳೆ ತೆಗೆಯುವ ಹಾಡು ಹೇಳುತ್ತಿದ್ದರು. ಸೀರೆ ಇನ್ನೂ ಮೊಣಕಾಲಿಗೆ ಎತ್ತಿಕಟ್ಟಿದ ಹಾಗೇ ಇತ್ತು, ಕಾಲಲ್ಲಿ ಹೊಲದ ಮಣ್ಣು. ಹಾಡಿನ ನಡುವೆ ಮಿಕ್ಸರಿನ ಗುಂಡಿ ಇಳಿಸಿ ಪಿಸುಗುಟ್ಟಿದರು. "ಬದುವಿನ ಮೇಲೆ ರೇಡಿಯಾ ಮಡಗಿದ್ದೆ ಕಣಮ್ಮಿ. ನಮ್ಮ ಆಳುಗಳೆಲ್ಲಾ, 'ಅಕ್ಕಾ, ನೀನೇ ಮಲಗು ಅಂತ ಹೇಳ್ಬುಟ್ಟೆ, ನಾವು ಮನೆಗೆ ಓಗನಾ?' ಅಂತವೆ. ಮೈದುನನ ಗಾಡಿ ಹತ್ಕಂಡು ಓಡ್ಬಂದೆ. ಬೆಳಿಗ್ಗೇಯಿಂದ್ಲೂ ಎಲ್ಲಾ ಇಂದುಮುಂದಾಗಿ ಬತ್ತಿತ್ತು. ಇವತ್ತು ನಿಮ್ಮ ಈದ್ ಅಬ್ಬ ಅಲ್ವಾ, ಅದ್ಕೇ ನೀನೇ ಇಂಗೆ ಮಾಡಿದ್ದೀಯ ಅಂದ್ಕಂಡೆ."

ಮಿಶೀನಿನ ಮುಂದೆ ಹೋಗಿ ನಿಂತೆ. ಅದು ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಒಂದು ತಪ್ಪಿಲ್ಲದೆ ಮಾಡಿ ಮುಗಿಸಿ ಸುಮ್ಮನೆ ಕೂತಿತ್ತು. ಮೂಲೆಯಲ್ಲಿ ಅದರ ಗಡಿಯಾರ ರಾತ್ರಿಯ ಹೊತ್ತು ತೋರಿಸುತ್ತಿತ್ತು. ರಿಪೇರಿಯವನು ಬ್ಯಾಟರಿ ಹಾಕಿ, ಒಳ್ಳೆಯ ಮನುಷ್ಯ, ತನ್ನ ಕೈಗಡಿಯಾರ ನೋಡಿ ಸರಿಯಾದ ಸಮಯವನ್ನೇ ಕೂರಿಸಿ ಹೋಗಿದ್ದ. ನಮ್ಮ ಲಿನಕ್ಸೋ, ಒಳಗಿನ ಗಡಿಯಾರದಲ್ಲಿ ಯಾವಾಗಲೂ ಲಂಡನ್ನಿನ ಸಮಯವಿರುತ್ತದೆ ಎಂದು ನಂಬಿಕೊಂಡಿತ್ತು. ಭಾರತಕ್ಕೆ ಬರಬೇಕೆಂದು ಅದರ ಮೇಲೆ ಐದೂವರೆ ಗಂಟೆ ಕೂಡಿಸಿಕೊಂಡಿತು. ಹಾಗಾಗಿ ಚಾಮರಾಜನಗರಕ್ಕೆ ಬೆಳಗಾದಾಗ ಅದಕ್ಕೆ ಮಧ್ಯಾಹ್ನ ಹತ್ತಿರವಾಗಿತ್ತು. ನಾವು ಮನೆಯಲ್ಲಿ ನೆಂಟರಿಗೆ ಶೀರ್ ಖುರ್ಮಾ ಬಡಿಸುತ್ತಿದ್ದಾಗಲೇ ಅಮ್ಮಿಯ ಮಾತು ಬಂದು ಹೋಗಿತ್ತು. ಅವಳ ದನಿ ಹಳ್ಳಿಗಳಲ್ಲೆಲ್ಲ ಓಡಾಡುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ದ್ರಾಕ್ಷಿ ಹುರಿಯುತ್ತಿದ್ದಳು.

ಅಮ್ಮಿಗೆ ವಿವರಿಸಿದೆ. "ಹಾಗಾದರೆ ಮತ್ತೆ ಹಾಕು" ಎಂದಳು. ಹಾಕಬಹುದಿತ್ತು. ಹುಡುಕಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ಮೈಕಿನ ಕೋಣೆಯಿಂದ, "ಅಮ್ಮಿ, ಬಾ ಇಲ್ಲಿ!" ಎಂದು ಕೂಗಿದರು. ಕರೆದದ್ದು ನನ್ನನ್ನು. ನನ್ನ ಅಮ್ಮಿ ತನ್ನನ್ನೇ ಎಂದುಕೊಂಡು ನೇರವಾಗಿ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟಳು. ಅಕ್ಕ ಒಂದು ಗಳಿಗೆ ಬೆಪ್ಪಾದರು. ಆಮೇಲೆ ಏನೂ ಆಗದವರ ಹಾಗೆ ಗುಂಡಿ ಮೇಲೆ ತಳ್ಳಿ ಮೈಕಿಗೆ ಹೇಳಿದರು. "ನೋಡ್ರಪ್ಪಾ, ಅಬ್ಬದ ದಿನ ನಮ್ಮ ಮನೆಗೆ ಗುಂಡ್ಲುಪೇಟೆಯಿಂದ ಒಬ್ರು ಬಂದವ್ರೆ. ಮಾತಾಡ್ಸವಾ."

ನಾನು ಗಾಜಿನ ಈಚೆ ನಿಂತು ಬೇಡ ಬೇಡ ಎಂದು ಕೈ ಆಡಿಸಿದೆ. ಅಮ್ಮಿ ನನ್ನ ಕಡೆ ನೋಡಲೇ ಇಲ್ಲ.

"ನಿಮಗೆ ಕನ್ನಡ ಯಾರು ಕಲಿಸಿದ್ದು?" ಎಂದು ಅಕ್ಕ ಕೇಳಿದರು.

"ನಲ್ಲಿ ಕಲಿಸಿದ್ದು" ಎಂದಳು ಅಮ್ಮಿ. "ನಾನು ಹೊಸಾ ಮದುಮಗಳು. ಕೊಡ ಹಿಡ್ಕೊಂಡು ಬೀದಿ ನಲ್ಲೀಗೆ ಹೋದೆ. ಎಲ್ಲಾ ನನ್ನ ನೋಡಿ 'ಜರುಗು, ಜರುಗು' ಅಂತಾರೆ. ನಾನು ಎಣಿಸಿದೆ, ಅದು ಸಲಾಮ್ ಥರಾ ಅಂತ. ಮಾರನೇ ದಿನ ಹೋಗಿ ಎಲ್ಲರಿಗೂ ನಗುತಾ 'ಜರುಗು ಜರುಗು' ಅಂದೆ. ಎಲ್ಲಾ ಜರುಗಿದರು! ನಾನೇ ಮೊದಲು ನೀರು ಹಿಡಿದೆ."

ಅಕ್ಕ ಮೈಕು ಮರೆತು ನಕ್ಕುಬಿಟ್ಟರು. ಅಮ್ಮಿ ಹೇಳುತ್ತಾ ಹೋದಳು. ಪಕ್ಕದ ಮನೆಯ ಹೆಂಗಸು ಅವಳನ್ನು ಹಿತ್ತಲಿಗೆ ಕರೆದು ಒಂದೊಂದೇ ವಸ್ತು ಮುಟ್ಟಿ ಹೆಸರು ಹೇಳಿಕೊಟ್ಟದ್ದು, ಸೊಪ್ಪಿನ ಹೆಸರೆಲ್ಲ ಮೊದಲು ಬಂದದ್ದು, ಬಯ್ಗುಳ ಅದಕ್ಕಿಂತ ಬೇಗ ಬಂದದ್ದು. ನಾನು ಹುಟ್ಟುವ ಮೊದಲು ಒಂದು ಮಗು ಹೊಟ್ಟೆಯಲ್ಲೇ ಹೋದಾಗ ಆ ಹೆಂಗಸು ಪಕ್ಕದಲ್ಲಿ ಕೂತು ಅತ್ತದ್ದು. "ಅವಳು ಏನೇನೋ ಹೇಳ್ತಾ ಇದ್ದಳು, ನನಗೆ ಅಷ್ಟು ಕನ್ನಡ ಇನ್ನೂ ಬಂದಿರಲಿಲ್ಲ. ಆದರೂ ಎಲ್ಲಾ ಅರ್ಥ ಆಯಿತು. ಆವತ್ತು ಮೇಲೆ ನನಗೆ ಈ ಊರು ಊರು ಅನ್ನಿಸಿತು."

ಆ ಮಗುವಿನ ವಿಷಯ ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಬ್ಬಾನ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿಕೊಂಡು ಟೋಪಿಯನ್ನು ಕೈಯಲ್ಲಿ ಹಿಡಿದಿದ್ದರು.

ಅಕ್ಕ ಅಮ್ಮಿಯ ಕೈ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಮೈಕು ತೆರೆದೇ ಇತ್ತು. ರೇಡಿಯೊದಲ್ಲಿ ಅಷ್ಟು ಹೊತ್ತು ಮೌನ ಬಿಡಬಾರದು ಎಂದು ನಮಗೆ ಕಲಿಸಿದ್ದರು. ನಾನು ಹಾಡು ಹಾಕಲು ಬೆರಳು ಎತ್ತಿದವಳು ಹಾಗೇ ನಿಲ್ಲಿಸಿದೆ.

ಆಮೇಲೆ ಗಡಿಯಾರ ಸರಿಪಡಿಸಿದೆ. ಒಳಗಿನ ಗಡಿಯಾರದಲ್ಲಿರುವುದು ನಮ್ಮ ಊರಿನದೇ ಸಮಯ ಎಂದು ಒಂದು ಸಾಲು ಬದಲಿಸಿದರೆ ಆಗುವ ಕೆಲಸ. ಪಟ್ಟಿಯನ್ನು ಮತ್ತೆ ಸಂಜೆಯಿಂದ ಓಡಿಸಿ, ಅಕ್ಕನ ಮನೆಯವರಿಗೆ ಕೊಡಲು ಬಿರಿಯಾನಿಯ ಡಬ್ಬ ಅವರ ಕೈಯಲ್ಲಿಟ್ಟು ಹೊರಟೆವು. ಅವರು ಮಾಂಸ ತಿನ್ನುತ್ತಾರೋ ಇಲ್ಲವೋ ಎಂದು ಅಮ್ಮಿ ದಾರಿಯುದ್ದಕ್ಕೂ ಚಿಂತೆ ಮಾಡಿದಳು. ತಿನ್ನುತ್ತಾರೆ ಎಂದು ನಾನು ಹೇಳಿದ್ದನ್ನು ನಂಬಲಿಲ್ಲ.

ಮುಂದಿನ ವಾರದಲ್ಲಿ ಸ್ಟೇಷನ್ನಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಹಗಲಲ್ಲಿ ಶುಭರಾತ್ರಿ ಹೇಳಿದ್ದಕ್ಕೆ ಬಯ್ಯಲು ಕೆಲವರು, ಆ ನಲ್ಲಿಯ ಕತೆ ಹೇಳಿದ ಹೆಂಗಸು ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಲು ಬಹಳ ಜನ. ಮೇಡಂ ಮೊದಲನೆಯವರ ಹತ್ತಿರ ಕ್ಷಮೆ ಕೇಳಿದರು, ಎರಡನೆಯವರ ಹತ್ತಿರ ನನ್ನನ್ನು ಕೇಳದೆಯೇ ಮಾತು ಕೊಟ್ಟರು. ಅಮ್ಮಿ ರೆಕಾರ್ಡಿಗೆ ಒಪ್ಪಲಿಲ್ಲ. "ಆ ಡಬ್ಬ ನನ್ನ ಮಾತನ್ನು ಯಾವ ಹೊತ್ತಿಗೆ ಬಿಡುತ್ತದೋ. ನಾನೇ ಬರುತ್ತೇನೆ" ಎಂದಳು. ಬಂದಳು. ವಾರಕ್ಕೊಂದು ಸಲ ನನ್ನ ಜೊತೆ ಅದೇ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿಗೆ ಜಗಳ ಮಾಡಿಕೊಂಡು. ನಾನು ಯಾಕೆ ಅಷ್ಟು ದೂರ ಹೋಗುತ್ತೇನೆ ಎಂದು ಮತ್ತೆಂದೂ ಕೇಳಲಿಲ್ಲ.

ಮಿಶೀನೂ ಆಮೇಲೆ ನೆಟ್ಟಗಾಯಿತು. ಕರೆಂಟು ಹೋಗಿ ಬಂದರೂ ತಾನಾಗಿ ಎದ್ದು ಸರಿಯಾದ ಹೊತ್ತಿಗೆ ಸರಿಯಾದದ್ದನ್ನು ಹಾಕುತ್ತಿತ್ತು. ನನಗೆ ಬೇಕಾಗಿದ್ದದ್ದು ಅದೇ. ಆದರೂ ಆ ದಿನಗಳಲ್ಲಿ ಅಕ್ಕ ಮತ್ತು ಅಮ್ಮಿ ಮೈಕಿನ ಮುಂದೆ ಕೂತು, ಉಪ್ಪಿನಕಾಯಿಗೆ ಎಣ್ಣೆ ಯಾವಾಗ ಹಾಕಬೇಕು ಎಂದು ಇಡೀ ತಾಲ್ಲೂಕಿಗೆ ಕೇಳಿಸುವ ಹಾಗೆ ವಾದ ಮಾಡುತ್ತಿದ್ದರೆ, ಗಾಜಿನ ಈಚೆ ನನಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಪರದೆಯ ಮೇಲೆ ಎಲ್ಲ ಸರಿಯಾಗಿದೆ ಎಂದು ಕಾಣುತ್ತಿತ್ತು. ಒಂದು ಸಲ ವೈರುಗಳನ್ನು ಮುಟ್ಟಿ ನೋಡುತ್ತಿದ್ದೆ. ಹೊರಗೆ ಹೋಗಿ ಕಂಬದ ಬುಡದಲ್ಲಿ ಬೆಳೆದ ಹುಲ್ಲು ಕೀಳುತ್ತಿದ್ದೆ. ಕಾವಲಿನ ತಾತನ ರೇಡಿಯೊದಿಂದ ಇಬ್ಬರ ದನಿಯೂ ಜೋರಾಗಿ ಬರುತ್ತಿತ್ತು. "ನಿಮ್ಮಮ್ಮ ಬುಟ್ಟುಕೊಡಕ್ಕಿಲ್ಲ ಕಣವ್ವ" ಎಂದು ತಾತ ನಗುತ್ತಿದ್ದರು. ನಾನು ಹೂಂ ಎಂದು ಮತ್ತೆ ಒಳಗೆ ಹೋಗುತ್ತಿದ್ದೆ.